ಆತ್ಮಾನುಶಾಸನದ ಓದು: ಸದಲಗಾದ ಆ.ನೇ. ಉಪಾಧ್ಯೆ

ಮನಸ್ಸನ್ನು ತಿದ್ದಿಕೊಳ್ಳುವ ಬಗೆಯನ್ನು ಹೇಳುವ ಪುಸ್ತಕಗಳು ಈ ಕಾಲದ ಸೃಷ್ಟಿಯಲ್ಲ. ರಾಷ್ಟ್ರಕೂಟರ ಕಾಲದ ಜೈನಾಚಾರ್ಯ ಗುಣಭದ್ರರು ಸಂಸ್ಕೃತದಲ್ಲಿ ರಚಿಸಿದ ‘ಆತ್ಮಾನುಶಾಸನ’ ಅಂಥದೇ ಒಂದು ಗ್ರಂಥ. ಅದನ್ನು ಸಹೋದ್ಯೋಗಿಗಳೊಡನೆ ಪರಿಶೋಧಿಸಿ ಓದುಗರಿಗೆ ಒಪ್ಪಿಸಿದವರಲ್ಲಿ ಚಿಕ್ಕೋಡಿ ತಾಲೂಕಿನ ಸದಲಗಾದ ಡಾ. ಆದಿನಾಥ ನೇಮಿನಾಥ ಉಪಾಧ್ಯೆ ಒಬ್ಬರು.

1906ರಲ್ಲಿ ಜನಿಸಿದ ಉಪಾಧ್ಯೆಯವರು 1930ರಲ್ಲಿ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಅಧ್ಯಾಪಕರಾದರು. ಮೂರು ದಶಕಗಳ ಕಾಲ ಅದೇ ಅವರ ಕರ್ಮಭೂಮಿಯಾಯಿತು. 1935ರಲ್ಲಿ ಕುಂದಕುಂದರ ‘ಪ್ರವಚನಸಾರ’ವನ್ನೂ, 1937ರಲ್ಲಿ ಯೋಗೀಂದುವಿನ ‘ಪರಮಾತ್ಮಪ್ರಕಾಶ’ವನ್ನೂ ಸಂಪಾದಿಸಿದರು. ಶಿಷ್ಯ ಪ್ರಭಾಕರ ಭಟ್ಟನ ಪ್ರಶ್ನೆಗೆ ಗುರು ನೀಡುವ ಉತ್ತರವೇ ‘ಪರಮಾತ್ಮಪ್ರಕಾಶ’. ಆತ್ಮವನ್ನು ಅರಿಯುವ ಕೆಲಸವೂ ಸಂವಾದದಿಂದಲೇ ಸಾಗುತ್ತದೆ ಎಂಬುದಕ್ಕೆ ಆ ಕೃತಿಯೇ ಸಾಕ್ಷಿ.

ಉಪಾಧ್ಯೆಯವರ ವಿದ್ವತ್ತೂ ಒಂಟಿ ದುಡಿಮೆಯಾಗಿರಲಿಲ್ಲ. ಅಮರಾವತಿಯ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಹೀರಾಲಾಲ ಜೈನರು ‘ಧವಲಾ’ ಸಂಪುಟಗಳ ಪ್ರಕಟಣೆಗೆ ತೊಡಗಿದಾಗ ಇವರು ನೆರವಾದರು. ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಗೆ ಇಬ್ಬರೂ ಪ್ರಧಾನ ಸಂಪಾದಕರಾದರು. 1961ರಲ್ಲಿ ಇದೇ ಮಾಲೆಯಲ್ಲಿ ‘ಆತ್ಮಾನುಶಾಸನ’ವು ಪ್ರಭಾಚಂದ್ರರ ಸಂಸ್ಕೃತ ಟೀಕೆ ಹಾಗೂ ಹಿಂದಿ ಅನುವಾದದೊಡನೆ ಹೊರಬಂದಿತು. ಸಂಪಾದಕರ ಸಾಲಿನಲ್ಲಿ ಈ ಇಬ್ಬರೊಂದಿಗೆ ಪಂಡಿತ ಬಾಲಚಂದ್ರ ಶಾಸ್ತ್ರಿಗಳ ಹೆಸರೂ ಇದೆ.

ಸುಮಾರು 270 ಪದ್ಯಗಳ ಈ ಗ್ರಂಥ ಓದುಗನನ್ನು ಮೆಚ್ಚಿಸಲು ಹೊರಟದ್ದಲ್ಲ. ತನ್ನ ಉಪದೇಶ ಔಷಧದಂತೆ ಮೊದಲು ಕಹಿಯೆನಿಸಬಹುದೆಂದು ಆರಂಭದಲ್ಲಿಯೇ ಎಚ್ಚರಿಸುತ್ತದೆ. ಮನಸ್ಸೆಂಬ ಮರ್ಕಟವನ್ನು ಶಾಸ್ತ್ರವೆಂಬ ವೃಕ್ಷದಲ್ಲಿ ಆಡಗೊಡಬೇಕೆಂಬುದು ಅದರ ಪ್ರಸಿದ್ಧ ಉಪಮೆ. ಉಪಾಧ್ಯೆಯವರ ಜೀವನಕ್ರಮ ಈ ಮಾತಿಗೆ ಹೊಂದುವಂತಿತ್ತು. ಪಾಠಾಂತರಗಳನ್ನು ತೂಗಿ ನೋಡುವ ಸಂಪಾದಕನು ತನಗೆ ಪ್ರಿಯವಾದ ಅರ್ಥವನ್ನು ಸಹೋದ್ಯೋಗಿಯ ಆಕ್ಷೇಪಕ್ಕೆ ಒಡ್ಡಬೇಕು, ಸಾಕ್ಷ್ಯವಿಲ್ಲದಿದ್ದರೆ ಕೈಬಿಡಬೇಕು. ಅದೂ ಆತ್ಮಾನುಶಾಸನವೇ.

ಗಡಿಭಾಗದ ಈ ವಿದ್ವಾಂಸರ ಬರವಣಿಗೆ ಹೆಚ್ಚಾಗಿ ಇಂಗ್ಲಿಷಿನಲ್ಲಿದ್ದರೂ ಕನ್ನಡ ನಾಡು ಅವರನ್ನು ಮರೆಯಲಿಲ್ಲ. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1971ರಿಂದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತದ ಪ್ರಾಧ್ಯಾಪಕರಾಗಿ ಸೇವೆ ಸಲ್ಲಿಸಿದರು.

1973ರಲ್ಲಿ ಹೀರಾಲಾಲರು ತೀರಿಕೊಂಡರು. ಎರಡು ವರ್ಷಗಳ ತರುವಾಯ, 1975ರ ಅಕ್ಟೋಬರಿನಲ್ಲಿ ಉಪಾಧ್ಯೆಯವರೂ ಕಣ್ಮುಚ್ಚಿದರು. ದೂರದ ಊರುಗಳಲ್ಲಿದ್ದೂ ದಶಕಗಳ ಕಾಲ ಜೊತೆಗೂಡಿ ಓದಿದ ಇಬ್ಬರ ಹೆಸರುಗಳು ಆ ಗ್ರಂಥಗಳ ಮುಖಪುಟಗಳಲ್ಲಿ ಒಟ್ಟಿಗೇ ಉಳಿದಿವೆ.