ನುಡಿಯಿಲ್ಲದ ಪಠಣ: ಜಾನ್ ಕೋಲ್ಟ್ರೇನ್

ಜಾಜ್ ಸಂಗೀತದ ಭಾವಶಕ್ತಿಯನ್ನು ಕ್ಷಣದ ಸ್ಫೂರ್ತಿಗಷ್ಟೇ ಸೀಮಿತಗೊಳಿಸುವುದು ರೂಢಿ. ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್‌ನ (1926–1967) ಬದುಕು ಈ ಗ್ರಹಿಕೆಗೆ ಒಪ್ಪುವುದಿಲ್ಲ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಜನಿಸಿದ ಈ ಕಪ್ಪು ಕಲಾವಿದನ ಅಜ್ಜಂದಿರಿಬ್ಬರೂ ಕ್ರೈಸ್ತ ಧರ್ಮಬೋಧಕರು. ಹನ್ನೆರಡರ ಹರೆಯದಲ್ಲಿಯೇ ಅವನು ತಂದೆಯನ್ನು ಕಳೆದುಕೊಂಡನು. ಹೆರಾಯಿನ್ ವ್ಯಸನದಿಂದಾಗಿ 1957ರಲ್ಲಿ ಮೈಲ್ಸ್ ಡೇವಿಸ್‌ನ ತಂಡದಿಂದ ಹೊರಬಿದ್ದು, ಅದೇ ವರ್ಷ ವ್ಯಸನವನ್ನು ತೊರೆದನು.

1963ರ ಸೆಪ್ಟೆಂಬರಿನಲ್ಲಿ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಜನಾಂಗದ್ವೇಷಿಗಳು ಚರ್ಚಿಗೆ ಇಟ್ಟ ಬಾಂಬಿಗೆ ನಾಲ್ವರು ಕಪ್ಪು ಬಾಲಕಿಯರು ಬಲಿಯಾದರು. ಎರಡು ತಿಂಗಳ ತರುವಾಯ ಕೋಲ್ಟ್ರೇನ್ ಧ್ವನಿಮುದ್ರಿಸಿದ ‘ಅಲಬಾಮಾ’ದಲ್ಲಿ ಸಾಹಿತ್ಯವೇ ಇಲ್ಲ, ಶೋಕವನ್ನು ಹೊತ್ತಿರುವುದು ವಾದ್ಯದ ತಗ್ಗಿದ ದನಿ.

1964ರ ಡಿಸೆಂಬರ್ 9ರಂದು ಧ್ವನಿಮುದ್ರಣಗೊಂಡ ‘ಎ ಲವ್ ಸುಪ್ರೀಮ್’ನ ಅಂತಿಮ ಭಾಗದಲ್ಲಿ ಈ ಕ್ರಮ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಅಲ್ಲಿ ಅವನು ತಾನೇ ರಚಿಸಿದ ಪ್ರಾರ್ಥನಾ ಕವಿತೆಯನ್ನು ಹಾಡಲಿಲ್ಲ, ಓದಲಿಲ್ಲ. ಅದರ ಪದಪದವನ್ನೂ ಸ್ಯಾಕ್ಸೊಫೋನಿನಲ್ಲಿ ಪಠಿಸಿದನು. ಕವಿತೆ ಧ್ವನಿಮುದ್ರಿಕೆಯ ಹೊದಿಕೆಯಲ್ಲಿ ಅಚ್ಚಾಗಿದೆ. ಅದನ್ನು ಮುಂದಿಟ್ಟುಕೊಂಡು ಆಲಿಸಿದರೆ, ಉಸಿರಾಟದ ಆವೇಗವೆಂದು ತೋರುತ್ತಿದ್ದುದು ಪದ್ಯದ ಯತಿಯೆಂದು ತಿಳಿಯುತ್ತದೆ. ಅಚ್ಚಿನ ಪಠ್ಯವನ್ನೇ ಕಾವ್ಯವೆಂದು ಓದುವ ವಿಮರ್ಶೆಗೆ ಇದು ಸುಲಭವಾಗಿ ದಕ್ಕದು.

ಭಾರತೀಯ ಸಂಗೀತವೂ ಅವನನ್ನು ಸೆಳೆದಿತ್ತು. 1965ರಲ್ಲಿ ಹುಟ್ಟಿದ ಮಗನಿಗೆ ರವಿಶಂಕರರ ನೆನಪಿನಲ್ಲಿ ರವಿ ಎಂದು ಹೆಸರಿಟ್ಟನು. 1967ರ ಜುಲೈ 17ರಂದು, ನಲವತ್ತರ ವಯಸ್ಸಿನಲ್ಲಿ, ಯಕೃತ್ತಿನ ಕ್ಯಾನ್ಸರಿನಿಂದ ನಿಧನನಾದನು.