ಅರಣ್ಯಸನ್ನಿಧಿಯಲ್ಲಿ ಕುವೆಂಪು

ಮೋಟೆಬೆನ್ನೂರಿನ ಸುತ್ತಣ ನೆಲವು ಮೆಣಸಿನಕಾಯಿ, ಹತ್ತಿ, ಜೋಳಗಳ ಬಯಲು. ಕಾಡೆಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ರಾಣೆಬೆನ್ನೂರಿನ ಕೃಷ್ಣಮೃಗಗಳ ಕುರುಚಲು ಅಡವಿಯೇ. ಆದರೆ ನಮ್ಮ ಜಿಲ್ಲೆಯ ಅಂಚಿನಲ್ಲಿ ಹರಿಯುವ ತುಂಗಭದ್ರೆಯು ಸಹ್ಯಾದ್ರಿಯ ದಟ್ಟಾರಣ್ಯದ ನೀರನ್ನು ಹೊತ್ತು ತರುವವಳು. ಆ ತುಂಗೆಯ ಸೀಮೆಯಾದ ತೀರ್ಥಹಳ್ಳಿಯ ಮಲೆಗಳಲ್ಲಿ ಬೆಳೆದು, ಅರಣ್ಯವನ್ನೇ ಗುರುವೆಂದು ಸ್ವೀಕರಿಸಿದವರು ಮಹಾಕವಿ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು.

ಅವರು 1904ರ ಡಿಸೆಂಬರ್ 29ರಂದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ ಜನಿಸಿದರು. ಬಾಲ್ಯ ಕಳೆದದ್ದು ಕುಪ್ಪಳಿಯ ಹಿರಿಯ ಮನೆಯಲ್ಲಿ. ಮೊದಲ ಅಕ್ಷರಾಭ್ಯಾಸ ಮನೆಯಲ್ಲೇ ನಡೆದು, ಬಳಿಕ ತೀರ್ಥಹಳ್ಳಿಯಲ್ಲಿಯೂ ಮೈಸೂರಿನಲ್ಲಿಯೂ ವಿದ್ಯಾಭ್ಯಾಸವಾಯಿತು. ಹುಡುಗನಾಗಿರುವಾಗಲೇ ತಂದೆಯನ್ನು ಕಳೆದುಕೊಂಡ ಅವರಿಗೆ ಮನೆಯ ಹಿಂದಣ ಗುಡ್ಡವೂ ಅದರಾಚೆಯ ಕಾಡೂ ಎರಡನೆಯ ಮನೆಯಾದವೆಂದರೆ ತಪ್ಪಾಗಲಾರದು.

ಆ ಕಾಲದ ಮಲೆನಾಡಿನ ಮನೆಗಳಲ್ಲಿ ಕಾಡಿಗೆ ಹೋಗುವುದೆಂದರೆ ಬಹುಮಟ್ಟಿಗೆ ಕೋವಿ ಹಿಡಿದು ಹೋಗುವುದು. 1933ರಲ್ಲಿ ಪ್ರಕಟವಾದ ‘ಮಲೆನಾಡಿನ ಚಿತ್ರಗಳು’ ಗ್ರಂಥದಲ್ಲಿ ಬೇಟೆಯ ಪ್ರಸಂಗಗಳು ಸೊಗಸಾಗಿ ಬಂದಿವೆ. ಬೇಟೆಗಾರನು ಉಸಿರು ಬಿಗಿಹಿಡಿದು ಕಾಯಬೇಕು. ತರಗೆಲೆಯ ಸದ್ದನ್ನು ಸದ್ದಿನಿಂದ ಬೇರ್ಪಡಿಸಿ ಕೇಳಬೇಕು. ಕವಿಯ ಏಕಾಗ್ರತೆಗೆ ಮೊದಲ ಪಾಠ ಅಲ್ಲಿಯೇ ದೊರೆಯಿತೆಂದು ನನ್ನ ಎಣಿಕೆ. ಅದೇ ಏಕಾಗ್ರತೆಯನ್ನು ಅವರು ಕೋವಿಯಿಲ್ಲದೆಯೂ ಸಾಧಿಸಿದರು. ಮನೆಯ ಹಿಂದಿನ ಬಂಡೆಗೆ ಕವಿಶೈಲವೆಂದು ಹೆಸರಿಟ್ಟು, ಅಲ್ಲಿ ಗಂಟೆಗಟ್ಟಲೆ ಸುಮ್ಮನೆ ಕುಳಿತರು. ನವಿಲುಕಲ್ಲು, ಸಂಜೆಗಿರಿಗಳನ್ನು ಏರಿ ಸೂರ್ಯನ ಉದಯಾಸ್ತಗಳನ್ನು ನೋಡಿದರು. ಏನನ್ನೂ ತರಲು ಹೋಗದೆ ಕಾಡಿಗೆ ಹೋಗುವ ಈ ಪದ್ಧತಿ ಅಂದಿನ ಗದ್ದೆ ತೋಟಗಳ ಜನರಿಗೆ ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಇಲ್ಲೊಂದು ಮಾತನ್ನು ಹೇಳಲೇಬೇಕು. ಕಾಡು ಆರೋಗ್ಯದ ಭಂಡಾರವೆಂದು ಬರಿದೆ ಹೊಗಳುವುದು ಸುಲಭ. ಕುವೆಂಪು ಅವರ ಬಾಲ್ಯದ ಮಲೆನಾಡು ಮಲೇರಿಯಾ ಜ್ವರದಿಂದ ನಡುಗುತ್ತಿದ್ದ ನಾಡು. ಬಯಲುಸೀಮೆಯವರು ಅಲ್ಲಿಗೆ ಹೋಗಲು ಅಂಜುತ್ತಿದ್ದರು. 1957ರಲ್ಲಿ ನಮ್ಮ ನೆರೆಯ ಸೊರಬದ ಕ್ಯಾಸನೂರಿನಲ್ಲಿ ಕಂಡುಬಂದ ಮಂಗನ ಕಾಯಿಲೆಯೂ ಕಾಡಿನ ಉಣ್ಣೆಗಳ ಮೂಲಕವೇ ಹರಡುವಂಥದು. ಆದುದರಿಂದ ಕವಿಗೆ ವನವು ಕೊಟ್ಟದ್ದು ರೋಗವಿಲ್ಲದ ದೇಹವನ್ನಲ್ಲ, ಕಲಕದ ಮನಸ್ಸನ್ನು.

ಈಚಿನ ವಿಜ್ಞಾನವೂ ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದೆ. ಜಪಾನಿನ ಅರಣ್ಯ ಇಲಾಖೆಯು 1982ರಲ್ಲಿ ಅರಣ್ಯಸ್ನಾನವೆಂಬ ಅರ್ಥದ ಹೆಸರನ್ನು ಬಳಕೆಗೆ ತಂದು, ಮರಗಳ ನಡುವೆ ಅವಸರವಿಲ್ಲದೆ ಕಾಲ ಕಳೆಯುವಂತೆ ಜನರನ್ನು ಪ್ರೋತ್ಸಾಹಿಸಿತು. 1984ರಲ್ಲಿ ರೋಜರ್ ಉಲ್ರಿಚ್ ಎಂಬ ಅಮೆರಿಕದ ವಿದ್ವಾಂಸರು, ಶಸ್ತ್ರಚಿಕಿತ್ಸೆಯಾದ ರೋಗಿಗಳಲ್ಲಿ ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆಯ ಗೋಡೆಯನ್ನಷ್ಟೇ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದರೆಂದೂ ಅವರಿಗೆ ಪ್ರಬಲವಾದ ನೋವುನಿವಾರಕಗಳು ಕಡಿಮೆ ಬೇಕಾದವೆಂದೂ ತೋರಿಸಿದರು.

ಮೈಸೂರಿನಲ್ಲಿ ಕುವೆಂಪು ಅವರಿಗೆ ಶ್ರೀರಾಮಕೃಷ್ಣಾಶ್ರಮದ ಸಂಪರ್ಕ ಒದಗಿತು. ಬಂಡೆಯ ಮೇಲಿನ ಮೌನಕ್ಕೆ ಧ್ಯಾನದ ಶಿಸ್ತು ಕೂಡಿಕೊಂಡಿತು. ಅಧ್ಯಾಪಕ ವೃತ್ತಿ, ಪ್ರಾಂಶುಪಾಲರ ಹೊಣೆ, 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ ಪದವಿ, ಜ್ಞಾನಪೀಠ ಪ್ರಶಸ್ತಿ ಇವೆಲ್ಲ ಎಲ್ಲರೂ ಬಲ್ಲ ಸಂಗತಿಗಳು. ಶಿಕ್ಷಕರಾದ ನಾವು ಗಮನಿಸಬೇಕಾದುದು ಬೇರೆ. ಕಾಡಿನಿಂದ ದೂರವಾದ ಆ ಮನಸ್ಸು ನಗರದಲ್ಲಿ ಬಾಡಲಿಲ್ಲ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿನ ನಡಿಗೆಯಲ್ಲಿ ಅವರು ಹಕ್ಕಿಗಳನ್ನೂ ಮುಗಿಲುಗಳನ್ನೂ ಕುಪ್ಪಳಿಯಲ್ಲಿ ನೋಡಿದಂತೆಯೇ ನೋಡಿದರು. ಕುಲಪತಿಗಳಾಗಿ ಆ ಕೆರೆಯ ಮಗ್ಗುಲಲ್ಲೇ ಮಾನಸಗಂಗೋತ್ರಿಯನ್ನು ಸ್ಥಾಪಿಸಿದರು. ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದ ದಂಡಕಾರಣ್ಯವನ್ನು ಓದುವವರಿಗೆ ಅದು ಸಹ್ಯಾದ್ರಿಯ ಕಾಡೇ ಎಂಬುದು ಮರೆಯಾಗದು. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಂತೂ ಕಾಡು ಒಂದು ಪಾತ್ರವೇ ಆಗಿದೆ. ಇವೆರಡೂ ಅವರು ಮಲೆನಾಡನ್ನು ಬಿಟ್ಟು ಬಹುಕಾಲವಾದ ಮೇಲೆ ಹೊರಬಂದವು.

1994ರ ನವೆಂಬರ್ 11ರಂದು ಕುವೆಂಪು ಮೈಸೂರಿನಲ್ಲಿ ದೇಹತ್ಯಾಗ ಮಾಡಿದರು. ಅವರ ಪಾರ್ಥಿವ ಶರೀರವನ್ನು ಕುಪ್ಪಳಿಗೆ ಒಯ್ದು, ಬಾಲ್ಯದಲ್ಲಿ ಸುಮ್ಮನೆ ಕುಳಿತಿದ್ದ ಕವಿಶೈಲದಲ್ಲಿಯೇ ಅಂತ್ಯಸಂಸ್ಕಾರ ನೆರವೇರಿಸಲಾಯಿತು.