ಫೋರ್ಡ್ ಹಾಕಿದ ಇನ್ನೊಂದು ಲೆಕ್ಕ

ಮೆಕ್ಯಾನಿಕಲ್ ಓದುವವರಿಗೆ ಹೆನ್ರಿ ಫೋರ್ಡ್ ಎಂದರೆ ಪರೀಕ್ಷೆಯಲ್ಲಿ ಬರುವ ಒಂದು ಸಣ್ಣ ಪ್ರಶ್ನೆ. 1913, ಹೈಲ್ಯಾಂಡ್ ಪಾರ್ಕ್ ಕಾರ್ಖಾನೆ, ಅಸೆಂಬ್ಲಿ ಲೈನ್, ಚಾಸಿ ಜೋಡಣೆಯ ಸಮಯ ಹನ್ನೆರಡೂವರೆ ಗಂಟೆಯಿಂದ 93 ನಿಮಿಷಕ್ಕೆ ಇಳಿದದ್ದು. ಇಷ್ಟು ಬರೆದರೆ ಅಂಕ ಗ್ಯಾರಂಟಿ. ನಾನೂ ಹಾಗೆ ಬರೆದು ಪಾಸಾದವನೇ. ಆಮೇಲೆ 1922ರಲ್ಲಿ ಬಂದ ಆತನ ಆತ್ಮಕಥೆ ಲೈಬ್ರರಿಯಲ್ಲಿ ಸಿಕ್ಕಿತು. ನಮ್ಮ ಪಠ್ಯ ಬಿಟ್ಟುಬಿಟ್ಟ ಕೆಲವು ಪುಟಗಳು ಅದರಲ್ಲಿದ್ದವು.

ಫೋರ್ಡ್ ಹುಟ್ಟಿದ್ದು 1863ರಲ್ಲಿ, ಅಮೆರಿಕದ ಡೆಟ್ರಾಯಿಟ್ ಬಳಿಯ ರೈತ ಕುಟುಂಬದಲ್ಲಿ. ಹುಡುಗನಿಗೆ ಹೊಲಕ್ಕಿಂತ ಗಡಿಯಾರ ಬಿಚ್ಚುವುದೇ ಇಷ್ಟ. ಹದಿನಾರಕ್ಕೆ ಊರು ಬಿಟ್ಟು ಡೆಟ್ರಾಯಿಟ್‌ನ ಯಂತ್ರಾಗಾರ ಸೇರಿದ. ಮುಂದೆ ಎಡಿಸನ್ ಹೆಸರಿನ ವಿದ್ಯುತ್ ಕಂಪನಿಯಲ್ಲಿ ಎಂಜಿನಿಯರ್ ಆದ. 1896ರಲ್ಲಿ ಮನೆಯ ಹಿಂದಿನ ಶೆಡ್‌ನಲ್ಲಿ ಮೊದಲ ಗಾಡಿ ಸಿದ್ಧವಾದಾಗ ಬಾಗಿಲು ಸಾಲಲಿಲ್ಲ. ಗೋಡೆಯ ಇಟ್ಟಿಗೆ ಒಡೆದು ಗಾಡಿಯನ್ನು ಹೊರಗೆ ತಂದ. (ಈ ಪ್ರಸಂಗ ನನಗೆ ಅಸೆಂಬ್ಲಿ ಲೈನ್‌ಗಿಂತ ಇಷ್ಟ.) ಆರಂಭದ ಕಂಪನಿಗಳು ಕೈಹಿಡಿಯಲಿಲ್ಲ. 1903ರಲ್ಲಿ ಫೋರ್ಡ್ ಮೋಟಾರ್ ಕಂಪನಿ, 1908ರಲ್ಲಿ ಮಾಡೆಲ್ ಟಿ. ಉಳಿದದ್ದು ಎಲ್ಲರಿಗೂ ಗೊತ್ತು.

ಅಸೆಂಬ್ಲಿ ಲೈನ್ ಬಂದ ಮೇಲೆ ಆತನಿಗೆ ದೊಡ್ಡ ತಲೆನೋವಾದದ್ದು ಕಾರ್ಮಿಕರು. ಇಡೀ ದಿನ ಒಂದೇ ತಿರುಪು ತಿರುಗಿಸುವ ಕೆಲಸಕ್ಕೆ ಬೇಸತ್ತು ಜನ ಬಿಟ್ಟುಹೋಗುತ್ತಿದ್ದರು. 1914ರ ಜನವರಿಯಲ್ಲಿ ದಿನಗೂಲಿ ಹೆಚ್ಚುಕಡಿಮೆ ಎರಡು ಪಟ್ಟಾಗಿ 5 ಡಾಲರ್ ಮುಟ್ಟಿತು. ಅದೇ ತಿಂಗಳು ಇನ್ನೊಂದು ನಿಯಮವೂ ಜಾರಿಗೆ ಬಂತು. ಸಾಂಕ್ರಾಮಿಕ ರೋಗ ಇದ್ದರೆ ಬೇರೆ ಮಾತು. ಅದಿಲ್ಲದೆ ದೇಹಸ್ಥಿತಿಯ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ.

ನಿಯಮ ಬರೆದು ಕೈತೊಳೆದುಕೊಂಡಿದ್ದರೆ ಅದು ಗೋಡೆಯ ಮೇಲಿನ ಫ್ರೇಮ್ ಆಗಿ ಉಳಿಯುತ್ತಿತ್ತು. ಆದರೆ ಫೋರ್ಡ್ ಕಾರ್ಖಾನೆಯ ಎಲ್ಲ ಕೆಲಸಗಳನ್ನೂ ಪಟ್ಟಿ ಮಾಡಿಸಿದ. ಒಟ್ಟು 7,882 ಬಗೆಯ ಕೆಲಸಗಳು. ನಿಂತು ಮಾಡುವುದೋ ಕೂತು ಮಾಡುವುದೋ, ಎಷ್ಟು ಭಾರ ಎತ್ತಬೇಕು, ಎರಡೂ ಕೈ ಬೇಕೋ ಒಂದು ಸಾಕೋ, ಕಣ್ಣು ಬೇಕೇ ಬೇಕೋ ಎಂದು ಒಂದೊಂದನ್ನೂ ಅಳೆದರು. ಬಲಿಷ್ಠ ಆಳೇ ಬೇಕಾದ ಕೆಲಸಗಳು 949 ಮಾತ್ರ. ಎರಡೂ ಕಾಲಿಲ್ಲದವರು ಮಾಡಬಹುದಾದವು 670, ಒಂದೇ ಕಾಲಿದ್ದವರು 2,637, ಒಂದೇ ಕೈಯಿದ್ದವರು 715. ಕಣ್ಣಿಲ್ಲದವರಿಗೆ 10, ಎರಡೂ ಕೈಯಿಲ್ಲದವರಿಗೂ 2 ಕೆಲಸಗಳಿದ್ದವು.

ಇಲ್ಲಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ನನ್ನ ಎಡಗಿವಿ ಪೂರ್ತಿ ಕೇಳುವುದಿಲ್ಲ, ಬಲಗಿವಿಗೆ ಯಂತ್ರವಿದೆ. ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕ್ಯಾಂಪಸ್‌ಗೆ ಬಂದ ಕಂಪನಿಯೊಂದರ ಲಿಖಿತ ಪರೀಕ್ಷೆ ಪಾಸಾಗಿದ್ದೆ. ಫಾರಂನ ಆರೋಗ್ಯದ ಕಾಲಂ ನೋಡಿದ ಅಧಿಕಾರಿ, ಶಾಪ್‌ಫ್ಲೋರ್ ಕೆಲಸ ನಿಮಗೆ ಕಷ್ಟ ಎಂದು ಮೆತ್ತಗೆ ಹೇಳಿ ಕಳಿಸಿದರು. ಯಾವ ಕೆಲಸ, ಅದರಲ್ಲಿ ಕಿವಿಯ ಪಾತ್ರ ಎಷ್ಟು ಎಂಬ ಮಾತೇ ಬರಲಿಲ್ಲ. ಫೋರ್ಡ್‌ನ ಕಾರ್ಖಾನೆಯಲ್ಲಿ ಕಿವಿ ಕೇಳದ, ಮಾತು ಬಾರದ 37 ಜನರಿದ್ದರು. ಅವರಿಗಾಗಿ ವಿಶೇಷ ಏರ್ಪಾಡೇನೂ ಬೇಕಾಗಲಿಲ್ಲ, ಕೆಲಸ ನೂರಕ್ಕೆ ನೂರು ಎಂದು ಆತ ದಾಖಲಿಸಿದ್ದಾನೆ.

ಅಂಧ ಕೆಲಸಗಾರನೊಬ್ಬನ ಪ್ರಸಂಗವೂ ಅಲ್ಲಿದೆ. ಶಾಖೆಗಳಿಗೆ ಕಳಿಸುವ ನಟ್ಟು ಬೋಲ್ಟು ಎಣಿಸಲು ಅವನನ್ನು ಹಾಕಿದರು. ಅಲ್ಲಿ ಆಗಲೇ ಇಬ್ಬರಿದ್ದರು. ಎರಡೇ ದಿನಕ್ಕೆ ಮೇಸ್ತ್ರಿ, ಆ ಇಬ್ಬರನ್ನು ಬೇರೆ ಕಡೆ ಹಾಕಿಕೊಳ್ಳಿ, ಇವನೊಬ್ಬನೇ ಮೂವರ ಕೆಲಸ ಮುಗಿಸುತ್ತಾನೆ ಎಂದು ತಿಳಿಸಿದನಂತೆ. ಆಸ್ಪತ್ರೆಯಲ್ಲಿ ಎದ್ದು ಕೂರಬಲ್ಲ ರೋಗಿಗಳಿಗೆ ಹಾಸಿಗೆ ಮೇಲೆ ಕಪ್ಪು ಮೇಣಬಟ್ಟೆ ಹಾಸಿ, ಸಣ್ಣ ಬೋಲ್ಟಿಗೆ ನಟ್ಟು ಹಾಕುವ ಕೆಲಸ ಕೊಟ್ಟರು. ಇಷ್ಟವಿದ್ದವರಿಗೆ ಮಾತ್ರ, ಮಾಮೂಲಿ ಸಂಬಳಕ್ಕೆ. ಉತ್ಪಾದನೆ ಕಾರ್ಖಾನೆಗಿಂತ ಶೇ 20ರಷ್ಟು ಹೆಚ್ಚಾಯಿತು. ಅಂಗವಿಕಲರನ್ನು ಕಡಿಮೆ ಕೂಲಿಗೆ ತೆಗೆದುಕೊಂಡು ಕಡಿಮೆ ಕೆಲಸಕ್ಕೆ ತೃಪ್ತಿಪಡುವುದು ಆತನ ಪ್ರಕಾರ ದಾನ, ಉದ್ಯಮವಲ್ಲ.

ಇವೆಲ್ಲ ಫೋರ್ಡ್ ತಾನೇ ಕೊಟ್ಟ ಲೆಕ್ಕ. ತನ್ನನ್ನು ಹೊಗಳಿಕೊಳ್ಳುವುದರಲ್ಲಿ ಆತ ಹಿಂದೆ ಬಿದ್ದವನಲ್ಲ. 5 ಡಾಲರ್ ಕೊಡುವ ಮೊದಲು ಕಾರ್ಮಿಕರ ಮನೆಗೆ ತನಿಖೆಗೆ ಜನ ಕಳಿಸಿದವನು, ಸ್ವಂತ ಪತ್ರಿಕೆಯಲ್ಲಿ ಯಹೂದಿಗಳ ಮೇಲೆ ವರ್ಷಗಟ್ಟಲೆ ವಿಷ ಕಾರಿದವನು. 1937ರಲ್ಲಿ ಆತನ ಕಾರ್ಖಾನೆಯ ಹೊರಗೆ ಯೂನಿಯನ್ ಮುಖಂಡರಿಗೆ ಕಂಪನಿಯ ಕಡೆಯವರೇ ಹೊಡೆದರು. ಇಂಥವನನ್ನು ಆದರ್ಶ ಪುರುಷ ಎನ್ನಲು ನನಗೆ ಮನಸ್ಸಿಲ್ಲ. ಕೆಲಸವನ್ನು ಚೂರು ಚೂರು ಮಾಡಿ ಮನುಷ್ಯನನ್ನು ಯಂತ್ರದ ಹಲ್ಲಾಗಿಸಿದ ಪದ್ಧತಿಯೇ ಕೈಕಾಲಿಲ್ಲದವರಿಗೆ ಬಾಗಿಲು ತೆರೆದದ್ದೂ ವಿಚಿತ್ರವೇ. ಆದರೂ ಆ ಪಟ್ಟಿ ಮಾಡುವ ಕ್ರಮವನ್ನು ನಾನು ಬಿಡಲಾರೆ. ನಮ್ಮಲ್ಲಿ 2016ರ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ 4 ಮೀಸಲಾತಿ ಕೊಟ್ಟಿದೆ. ಖಾಸಗಿ ಕಂಪನಿಗಳಿಗೆ ಇರುವುದು ಶೇ 5ರ ಗುರಿ, ಅದಕ್ಕೆ ಪ್ರೋತ್ಸಾಹ ಅಷ್ಟೆ. ಯಾವ ಕುರ್ಚಿಯಲ್ಲಿ ಯಾರು ಕೂರಬಲ್ಲರು ಎಂದು ನೋಡಬೇಕಾದವರು ಕಂಪನಿಯವರೇ.

1947ರ ಏಪ್ರಿಲ್ 7ರ ರಾತ್ರಿ ಫೋರ್ಡ್ ತೀರಿಕೊಂಡ. ನದಿಯ ಪ್ರವಾಹದಿಂದ ಕರೆಂಟ್ ಹೋಗಿ ಮನೆಯಲ್ಲಿ ಮೇಣದಬತ್ತಿ ಉರಿಯುತ್ತಿತ್ತು.

ಕಳೆದ ವಾರ ನಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ನೋಟ್‌ಬುಕ್ ಹಿಡಿದು ನಾನೂ ಒಂದು ಪಟ್ಟಿ ಮಾಡಿದೆ. ಫಿಟ್ಟಿಂಗ್, ವೆಲ್ಡಿಂಗ್, ಮಿಲ್ಲಿಂಗ್, ತಪಾಸಣೆಯ ಮೇಜು. ಕಿವಿ ನಿಜಕ್ಕೂ ಉಪಯೋಗಕ್ಕೆ ಬರುವುದು ಲೇತ್‌ನಲ್ಲಿ. ಟೂಲ್ ಅದುರಿದರೆ ಸದ್ದು ಬದಲಾಗುತ್ತದೆ. ನಾನು ಅದನ್ನು ಹ್ಯಾಂಡಲ್ ಮೇಲಿನ ಕೈಯಲ್ಲೇ ಹಿಡಿಯುತ್ತೇನೆ, ಲೋಹದ ಮೇಲೆ ಮೂಡುವ ಗೆರೆಯೂ ಹೇಳುತ್ತದೆ. ಮುಂದಿನ ತಿಂಗಳು ಇನ್ನೊಂದು ಕಂಪನಿ ಕ್ಯಾಂಪಸ್‌ಗೆ ಬರುತ್ತಿದೆ. ಆ ಹಾಳೆಯನ್ನು ರೆಸ್ಯೂಮೆ ಹಿಂದೆ ಪಿನ್ ಮಾಡಿ ಇಟ್ಟಿದ್ದೇನೆ.